ಹೆಜ್ಜೆ ಎಣಿಸುವ ಚಾಪೆ

ಕಳೆದ ದಸರೆಯ ರಜೆಯಲ್ಲಿ ನಾವು ಬೆಂಗಳೂರಿನಲ್ಲಿರುವ ನಮ್ಮ ಅಕ್ಕನ ಮನೆಗೆ ಹೋಗಿದ್ದೆವು. ಮೂರನೆಯ ಅಂತಸ್ತಿನ ಮನೆ. ಬಾಗಿಲು ತೆರೆಯುವ ಮೊದಲೇ ಒಳಗಿನಿಂದ ಧಡಧಡನೆ ಸದ್ದು ಕೇಳಿಬರುತ್ತಿದ್ದಿತು. ಯಾರೋ ಅವಲಕ್ಕಿ ಕುಟ್ಟುತ್ತಿರಬೇಕೆಂದು ಭ್ರಮಿಸಿದೆವು. ಒಳಗೆ ಹೋಗಿ ನೋಡಲಾಗಿ, ಪಿ.ಯು.ಸಿ. ಮೊದಲನೆಯ ವರ್ಷದಲ್ಲಿ ಓದುತ್ತಿರುವ ಅಕ್ಕನ ಮಗಳು ಟೆಲಿವಿಷನ್ನಿನ ಮುಂದೆ ಒಂದು ಪ್ಲಾಸ್ಟಿಕ್ ಚಾಪೆಯನ್ನು ಹಾಸಿಕೊಂಡು, ಅದರ ಮೇಲೆ ಬೆವರು ಸುರಿಸುತ್ತ ಕುಣಿಯುತ್ತಿದ್ದಳು. ತೆರೆಯ ಮೇಲೆ ಬಾಣದ ಗುರುತುಗಳು ಸಾಲುಸಾಲಾಗಿ ಕೆಳಗಿನಿಂದ ಮೇಲಕ್ಕೆ ಏರಿಬರುತ್ತಿದ್ದುವು. ಅವು ಮೇಲಿನ ಗೆರೆಯನ್ನು ಮುಟ್ಟುವ ಕ್ಷಣದಲ್ಲಿ ಚಾಪೆಯ ಮೇಲಿನ ಅದೇ ದಿಕ್ಕಿನ ಚೌಕವನ್ನು ತುಳಿಯಬೇಕು. ತುಳಿತವು ತಾಳಕ್ಕೆ ಸರಿಯಾಗಿ ಬಿದ್ದರೆ ಅಂಕ, ತಪ್ಪಿದರೆ ನಷ್ಟ. ಇಷ್ಟೇ ಆಟ. ನಾವು ಚಿಕ್ಕವರಾಗಿದ್ದಾಗ ಜಗಲಿಯ ಮೇಲೆ ಸೀಮೆಸುಣ್ಣದಿಂದ ಮನೆಗಳನ್ನು ಬರೆದು ಆಡುತ್ತಿದ್ದ ಕುಂಟೆಬಿಲ್ಲೆಗೆ ವಿದ್ಯುತ್ತನ್ನು ಹರಿಸಿದಂತೆ ನಮಗೆ ತೋರಿತು.

ಆದರೆ ಮನೆಯಲ್ಲಿ ಆ ಚಾಪೆಯ ಬಗ್ಗೆ ಒಂದು ವ್ಯಾಜ್ಯವೇ ಎದ್ದಿದ್ದಿತು. ಕೆಳಗಿನ ಮನೆಯ ಹಿರಿಯರು ಎರಡು ಬಾರಿ ಮೆಟ್ಟಿಲು ಹತ್ತಿ ಬಂದು ಹೇಳಿಹೋಗಿದ್ದರಂತೆ. ನಮ್ಮ ಭಾವನವರು ಕಾಫಿಯ ಲೋಟವನ್ನು ಕೆಳಗಿಟ್ಟು, "ಇದನ್ನು ಆಟವೆನ್ನೋಣವೋ, ವ್ಯಾಯಾಮವೆನ್ನೋಣವೋ, ಟೀವಿ ನೋಡುವ ಹೊಸದೊಂದು ಚಟವೆನ್ನೋಣವೋ? ನೀನು ಫಿಜಿಕ್ಸ್ ಮೇಷ್ಟ್ರು, ನೀನೇ ಹೇಳು. ವ್ಯರ್ಥವೆಂದು ನೀನು ಹೇಳಿದರೆ ಈ ಹೊತ್ತೇ ಸುತ್ತಿ ಅಟ್ಟದ ಮೇಲೆ ಎಸೆಯುತ್ತೇನೆ" ಎಂದರು. ಹುಡುಗಿಯು ಏದುಸಿರು ಬಿಡುತ್ತ, "ಮಾವ, ತೀರ್ಪು ಹೇಳುವ ಮೊದಲು ನೀವೂ ಮೂರು ಹಾಡಿಗೆ ಕುಣಿದು ನೋಡಿ" ಎಂದಳು.

ನ್ಯಾಯವಾದ ಮಾತು. ಪ್ರಯೋಗ ಮಾಡದೆ ಫಲಿತಾಂಶ ಬರೆಯುವ ವಿದ್ಯಾರ್ಥಿಯನ್ನು ನಾವು ಪ್ರಯೋಗಶಾಲೆಯಿಂದ ಹೊರಕ್ಕೆ ಕಳುಹಿಸುವವರಲ್ಲವೇ? ಷರಟಿನ ತೋಳನ್ನು ಮಡಿಸಿ ಚಾಪೆಯನ್ನು ಏರಿದೆವು. ಏರುವ ಮೊದಲು ನಮ್ಮ ನಾಡಿಯು ನಿಮಿಷಕ್ಕೆ ೭೨ ಬಾರಿ ಮಿಡಿಯುತ್ತಿದ್ದಿತು. ಮೂರು ಹಾಡುಗಳು ಮುಗಿದು ಸೋಫಾದ ಮೇಲೆ ಕುಸಿದಾಗ ಎಣಿಸಿದರೆ ೧೪೮. ನಮ್ಮ ವಯಸ್ಸು ೩೬. ೨೨೦ರಲ್ಲಿ ವಯಸ್ಸನ್ನು ಕಳೆದರೆ ನಾಡಿಯ ಗರಿಷ್ಠ ಮಿತಿಯು ಸ್ಥೂಲವಾಗಿ ದೊರೆಯುತ್ತದೆಂದು ವೈದ್ಯರು ಹೇಳುವ ಲೆಕ್ಕದಂತೆ ನಮ್ಮ ಮಿತಿ ೧೮೪. ಅದರ ನೂರಕ್ಕೆ ೮೦ ಭಾಗವನ್ನು ನಾವು ಮುಟ್ಟಿದ್ದೆವು. ಅಂಕಗಳ ವಿಷಯವನ್ನು ಇಲ್ಲಿ ಹೇಳದಿರುವುದೇ ಲೇಸು. ಹುಡುಗಿಯ ತಮ್ಮನು ನಗುವನ್ನು ತಡೆಯಲಾರದೆ ಅಡಿಗೆಮನೆಗೆ ಓಡಿದನು.

ಅಂದಿನಿಂದ ಈ ವಿಷಯವನ್ನು ಕುರಿತು ನಾವು ಓದಿದುದನ್ನೂ ಅಳೆದು ನೋಡಿದುದನ್ನೂ ನಮ್ಮ ಅಭಿಪ್ರಾಯದೊಡನೆ ಇಲ್ಲಿ ಬರೆಯುತ್ತಿದ್ದೇವೆ. ಹೈಸ್ಕೂಲು ಕಾಲೇಜುಗಳ ವಾಚಕರಲ್ಲಿ ಅನೇಕರ ಮನೆಗಳಲ್ಲಿ ಇಂಥ ವ್ಯಾಜ್ಯಗಳು ನಡೆಯುತ್ತಿರಬಹುದು.

ಈ ಬಗೆಯ ಚಾಪೆ ತೀರ ಹೊಸದೇನೂ ಅಲ್ಲ. ೧೯೮೬ರಲ್ಲಿಯೇ ಜಪಾನಿನ ಬಂಡಾಯ್ ಎಂಬ ಕಂಪನಿಯು ನಿಂಟೆಂಡೊ ಆಟದ ಪೆಟ್ಟಿಗೆಗೆ ಜೋಡಿಸುವ ಇಂಥದೊಂದು ಚಾಪೆಯನ್ನು ಮಾರಾಟಕ್ಕೆ ತಂದಿತು. ಅದರ ಮೇಲೆ ನಿಂತಲ್ಲಿಯೇ ಓಡಿದರೆ ತೆರೆಯ ಮೇಲಿನ ಮನುಷ್ಯನೂ ಓಡುವನು. ಮಕ್ಕಳು ಬಲು ಬೇಗ ಒಂದು ಒಳದಾರಿಯನ್ನು ಕಂಡುಹಿಡಿದರು: ಮಂಡಿಯೂರಿ ಕುಳಿತು ಎರಡು ಕೈಗಳಿಂದ ಚಾಪೆಯನ್ನು ಬಡಿದರೆ, ಓಡುವವನಿಗಿಂತ ಬಡಿಯುವವನೇ ಬೇಗ ಗುರಿಯನ್ನು ಮುಟ್ಟುವನು! ಈ ಸಣ್ಣ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಉಪಯೋಗಕ್ಕೆ ಬರುತ್ತದೆ. ಬಳಿಕ ೧೯೯೮ರಲ್ಲಿ ಕೊನಾಮಿ ಎಂಬ ಮತ್ತೊಂದು ಜಪಾನೀ ಕಂಪನಿಯು 'ಡಾನ್ಸ್ ಡಾನ್ಸ್ ರೆವಲ್ಯೂಷನ್' ಎಂಬ ಯಂತ್ರವನ್ನು ಆಟದ ಅಂಗಡಿಗಳಲ್ಲಿ ನಿಲ್ಲಿಸಿತು. ಎಡ, ಬಲ, ಮುಂದೆ, ಹಿಂದೆ ಎಂದು ನಾಲ್ಕೇ ಚೌಕಗಳು. ಮರುವರ್ಷವೇ ಅದರ ಮನೆಬಳಕೆಯ ರೂಪವೂ ಹೊರಬಂದಿತು. ಇಲ್ಲಿ ಕೈಯಿಂದ ಬಡಿಯುವ ಉಪಾಯ ಸುಲಭವಾಗಿ ನಡೆಯದು. ಏಕೆಂದರೆ ಈ ಆಟವು ಬೇಡುವುದು ಕೇವಲ ವೇಗವನ್ನಲ್ಲ, ಕಾಲವನ್ನು. ಸರಿಯಾದ ಚೌಕದ ಮೇಲೆ ಸರಿಯಾದ ಕ್ಷಣದಲ್ಲಿ ಬೀಳುವ ತುಳಿತವನ್ನು.

ಚಾಪೆಯ ಒಳರಚನೆಯನ್ನು ಹೈಸ್ಕೂಲಿನ ವಿದ್ಯಾರ್ಥಿಯೂ ಮನೆಯಲ್ಲಿ ಮಾಡಿನೋಡಬಹುದು. ವಿದ್ಯುದ್ವಾಹಕ ಲೇಪವುಳ್ಳ ಎರಡು ಹಾಳೆಗಳು. ನಡುವೆ ತೂತುಗಳಿರುವ ತೆಳುವಾದ ಸ್ಪಂಜಿನ ಪದರ. ಕಾಲಿಟ್ಟಾಗ ಸ್ಪಂಜು ಅದುಮಿ, ತೂತಿನ ಮೂಲಕ ಮೇಲಿನ ಹಾಳೆಯು ಕೆಳಗಿನದನ್ನು ಮುಟ್ಟಿ, ವಿದ್ಯುನ್ಮಂಡಲವು ಪೂರ್ಣವಾಗುತ್ತದೆ. ಕಾಲೆತ್ತಿದಾಗ ಸ್ಪಂಜು ಉಬ್ಬಿ ಮಂಡಲವು ಕಡಿಯುತ್ತದೆ. ಅಂದರೆ ಇದು ಗೋಡೆಯ ಮೇಲಿನ ಕರೆಗಂಟೆಯ ಗುಂಡಿಯಲ್ಲದೆ ಬೇರೇನೂ ಅಲ್ಲ. ಹಳೆಯ ರಟ್ಟು, ಅಡಿಗೆಮನೆಯ ಅಲ್ಯುಮಿನಿಯಂ ಹಾಳೆ, ಒಂದಿಷ್ಟು ಸ್ಪಂಜು, ಒಂದು ಬ್ಯಾಟರಿ, ಒಂದು ಬಲ್ಬು ಇದ್ದರೆ ಒಂದು ಚೌಕವನ್ನು ಒಂದು ಸಂಜೆಯಲ್ಲಿ ಮಾಡಬಹುದು. ಸ್ಪಂಜು ಸೋತು ಚಪ್ಪಟೆಯಾದರೆ ಹಾಳೆಗಳು ಅಂಟಿಕೊಂಡೇ ಇದ್ದು, ಚೌಕವು ಸದಾ ತುಳಿದಂತೆಯೇ ತೋರುವುದು. ಅಕ್ಕನ ಮನೆಯ ಮೊದಲನೆಯ ಚಾಪೆಯು ಎರಡೇ ತಿಂಗಳಲ್ಲಿ ಈ ಗತಿಯನ್ನು ಹೊಂದಿದ್ದಿತು. ಮಾರಿದವರು ಹೊಸದನ್ನು ಕೊಡಲಿಲ್ಲ. ಹುಡುಗಿಯೇ ಅಂಚಿನ ಹೊಲಿಗೆಯನ್ನು ಬಿಚ್ಚಿ, ಹಾಸಿಗೆಯ ಅಂಗಡಿಯಿಂದ ತಂದ ಸ್ಪಂಜನ್ನು ಕತ್ತರಿಸಿಟ್ಟು ಸರಿಪಡಿಸಿದ್ದಳು. ಇದನ್ನು ಕೇಳಿದಾಗಲೇ ನಮ್ಮ ತೀರ್ಪು ಅರ್ಧ ವಾಲಿತೆಂಬುದನ್ನು ಮುಚ್ಚಿಡುವುದಿಲ್ಲ.

ಇನ್ನು ಕಾಲದ ವಿಚಾರ. ನಮ್ಮ ದೃಷ್ಟಿಯಲ್ಲಿ ಈ ಆಟದ ನಿಜವಾದ ಸ್ವಾರಸ್ಯವಿರುವುದು ಇಲ್ಲಿಯೇ.

ನಿಮಿಷಕ್ಕೆ ೧೫೦ ಮಾತ್ರೆಗಳ ಒಂದು ಹಾಡನ್ನು ತೆಗೆದುಕೊಳ್ಳೋಣ. ಒಂದು ಮಾತ್ರೆಗೆ ೪೦೦ ಮಿಲಿಸೆಕೆಂಡು, ಅರ್ಧಮಾತ್ರೆಗೆ ೨೦೦. ಕಣ್ಣಿಗೆ ಕಂಡುದಕ್ಕೆ ಮನುಷ್ಯನು ಪ್ರತಿಕ್ರಿಯೆ ತೋರಿಸಲು ಎಷ್ಟು ಹೊತ್ತು ಬೇಕು? ಗೆಳೆಯನೊಬ್ಬನು ಅಡ್ಡಪಟ್ಟಿಯನ್ನು ನೆಟ್ಟಗೆ ಹಿಡಿದು ಹೇಳದೆ ಬಿಡಲಿ. ನೀವು ಕೆಳಗೆ ಬೆರಳುಗಳನ್ನು ತೆರೆದಿಟ್ಟು ಹಿಡಿಯಿರಿ. ಸಾಮಾನ್ಯವಾಗಿ ಪಟ್ಟಿಯು ೨೦ರಿಂದ ೩೦ ಸೆಂಟಿಮೀಟರು ಜಾರಿರುತ್ತದೆ. ಪತನದ ಸೂತ್ರದಿಂದ ಲೆಕ್ಕ ಹಾಕಿದರೆ ಇದು ಸುಮಾರು ೨೦೦ರಿಂದ ೨೫೦ ಮಿಲಿಸೆಕೆಂಡು. ಹೀಗಿರಲು, ಬಾಣವು ಗೆರೆಯನ್ನು ಮುಟ್ಟಿತೆಂದು ಕಂಡಮೇಲೆ ಕಾಲೆತ್ತಿದರೆ ಅಷ್ಟರಲ್ಲಿ ಮುಂದಿನ ಬಾಣವೂ ಬಂದುಬಿಟ್ಟಿರುವುದು. ಹಾಗಿದ್ದರೂ ನುರಿತವರು ಒಂದೊಂದು ಹೆಜ್ಜೆಯನ್ನೂ ಸರಿಯಾಗಿಯೇ ಇಡುವರು. ಅಕ್ಕನ ಮಗಳು ಆಡುವುದು 'ಸ್ಟೆಪ್‌ಮೇನಿಯಾ' ಎಂಬ, ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾದ ಕಂಪ್ಯೂಟರ್ ಆಟ. ಅದರ ಸಾಮಾನ್ಯ ನಿಯಮದಂತೆ ಅತ್ಯುತ್ತಮವೆನಿಸಿಕೊಳ್ಳಲು ಹೆಜ್ಜೆಯು ನಿಜವಾದ ಕ್ಷಣದಿಂದ ಹಿಂದೆ ಅಥವಾ ಮುಂದೆ ೨೨.೫ ಮಿಲಿಸೆಕೆಂಡಿನೊಳಗೆ ಬೀಳಬೇಕು; ೪೫ರೊಳಗಿದ್ದರೆ ಎರಡನೆಯ ದರ್ಜೆ, ೯೦ರೊಳಗಿದ್ದರೆ ಮೂರನೆಯದು. ಪ್ರತಿಕ್ರಿಯೆಯ ಕಾಲದ ಹತ್ತನೆಯ ಒಂದು ಭಾಗದಷ್ಟು ಸೂಕ್ಷ್ಮ! ಇದು ಕಂಡು ಮಾಡುವ ಕೆಲಸವಾಗಲು ಸಾಧ್ಯವೇ ಇಲ್ಲ. ಮುಂದಾಗಿ ಊಹಿಸಿ ಮಾಡುವ ಕೆಲಸ. ಮಿದುಳು ತಾಳವನ್ನು ಕೇಳಿ, ಮುಂದಿನ ಪೆಟ್ಟು ಎಲ್ಲಿ ಬೀಳುವುದೆಂದು ಗಣಿಸಿ, ಕಾಲು ನೆಲವನ್ನು ಮುಟ್ಟುವ ಗಳಿಗೆಯು ಅದಕ್ಕೆ ಕೂಡಿಬರುವಂತೆ ಆಜ್ಞೆಯನ್ನು ಮೊದಲೇ ಹೊರಡಿಸುತ್ತದೆ. ಗಡಿಯಾರದಂತೆ ಟಿಕ್ಕೆನ್ನುವ ಸದ್ದಿಗೆ ಬೆರಳು ತಟ್ಟಲು ಹೇಳಿದರೆ ಬಹುಮಂದಿ ಸದ್ದಿಗಿಂತ ಕೆಲವು ಹತ್ತು ಮಿಲಿಸೆಕೆಂಡುಗಳಷ್ಟು ಮುಂಚೆಯೇ ತಟ್ಟುವರೆಂಬುದು ಮನಶ್ಶಾಸ್ತ್ರದ ಪ್ರಯೋಗಶಾಲೆಗಳಲ್ಲಿ ಮತ್ತೆ ಮತ್ತೆ ಕಂಡಿರುವ ಸಂಗತಿ. ಸಂಗೀತಗಾರರಲ್ಲಿ ಈ ಅವಸರ ಕಡಿಮೆ.

ನಮ್ಮ ನಾಟ್ಯಶಿಕ್ಷಕರು ಇದನ್ನು ಬೇರೆ ಮಾತುಗಳಲ್ಲಿ ಬಹುಕಾಲದಿಂದ ಬಲ್ಲರು. ಭರತನಾಟ್ಯವನ್ನು ಕಲಿಯಲು ಹೋದ ಮಗುವಿಗೆ ಮೊದಲು ತಟ್ಟಡವನ್ನು ಹೇಳಿಕೊಡುವುದು. ಅದನ್ನು ಮೂರು ಕಾಲಗಳಲ್ಲಿ, ಒಂದಕ್ಕೊಂದು ಇಮ್ಮಡಿ ವೇಗದಲ್ಲಿ, ಮಾಡಿಸುವುದು. ತಟ್ಟುಕೋಲಿನ ಸದ್ದು ಕೇಳಿದಮೇಲೆ ಕಾಲಿಡುವ ಮಗುವಿಗೆ ಗದರಿಕೆ ತಪ್ಪದು. ಚಾಪೆಯ ಆಟದಲ್ಲಿಯೂ ಮಾತ್ರೆ, ಅರ್ಧಮಾತ್ರೆ, ಕಾಲುಮಾತ್ರೆಗಳ ಏಣಿಯೇ ಇದೆ. ಯಂತ್ರಕ್ಕೆ ಮುಖ, ಕೈ, ಭಾವಗಳ ಗೊಡವೆಯಿಲ್ಲವೆಂಬುದು ನಿಜ. ಇದನ್ನು ನೃತ್ಯವೆಂದು ಕರೆಯುವುದು ನಮಗೆ ಒಪ್ಪಿಗೆಯಿಲ್ಲ. ತಾಳದ ಅಭ್ಯಾಸವೆಂದು ಕರೆದರೆ ಸರಿ.

ಇಲ್ಲಿ ಒಂದು ತಂಟೆಯನ್ನು ಹೇಳಬೇಕು. ಭಾವನವರು ಹಬ್ಬಕ್ಕೆಂದು ಹೊಸ ದೊಡ್ಡ ಟೆಲಿವಿಷನ್ನನ್ನು ತಂದಿದ್ದರು. ಅದು ಬಂದಂದಿನಿಂದ ಹುಡುಗಿಯ ಅಂಕಗಳು ಕುಸಿದಿದ್ದುವು. "ಮಾವ, ನಾನು ಸರಿಯಾಗಿಯೇ ತುಳಿಯುತ್ತಿದ್ದೇನೆ, ಅದು ತಪ್ಪೆನ್ನುತ್ತಿದೆ" ಎಂದು ಅವಳ ದೂರು. ಹಳೆಯ ಗಾಜಿನ ಕೊಳವೆಯ ಟೆಲಿವಿಷನ್ನು ಸಂಕೇತ ಬಂದಂತೆಯೇ ಚಿತ್ರವನ್ನು ಬರೆಯುತ್ತಿದ್ದಿತು. ಈಗಿನವು ಚಿತ್ರವನ್ನು ಮೊದಲು ತಮ್ಮ ಸ್ಮೃತಿಯಲ್ಲಿಟ್ಟುಕೊಂಡು, ಬಣ್ಣ ತಿದ್ದಿ, ಅಂಚು ತೀಡಿ ಆಮೇಲೆ ತೋರಿಸುತ್ತವೆ. ಅಷ್ಟರಲ್ಲಿ ಕಾಲ ಸರಿದಿರುತ್ತದೆ. ಎಷ್ಟು ಸರಿದಿದೆ? ಸೆಕೆಂಡಿಗೆ ೨೪೦ ಚಿತ್ರಗಳನ್ನು ತೆಗೆಯುವ ಫೋನಿನ ಕ್ಯಾಮರಾವನ್ನು ನಿಲ್ಲಿಸಿ, ಹುಡುಗಿಯ ಕಾಲೂ ತೆರೆಯೂ ಒಟ್ಟಿಗೆ ಕಾಣುವಂತೆ ಚಿತ್ರಿಸಿದೆವು. ಕಾಲು ಚಾಪೆಗೆ ಬಡಿದುದರಿಂದ ತೆರೆಯು ಬೆಳಗುವ ತನಕ ೨೬ ಚಿತ್ರಗಳು ಕಳೆದಿದ್ದುವು. ಅಂದರೆ ಸುಮಾರು ೧೦೮ ಮಿಲಿಸೆಕೆಂಡು. ಟೆಲಿವಿಷನ್ನಿನಲ್ಲಿ ಆಟಕ್ಕೆಂದೇ ಇರುವ, ತೀಡುವ ಕೆಲಸವನ್ನು ಬಿಟ್ಟುಬಿಡುವ ವಿಧಾನಕ್ಕೆ ಬದಲಾಯಿಸಿದಾಗ ಅದು ೮ ಚಿತ್ರಗಳಿಗೆ, ಎಂದರೆ ೩೩ ಮಿಲಿಸೆಕೆಂಡಿಗೆ ಇಳಿಯಿತು. ಉಳಿದುದನ್ನು ಆಟದೊಳಗಿನ ತಿದ್ದುಪಡಿಯಿಂದ ಕಳೆದೆವು. ಸದ್ದು ಬರುವ ದಾರಿಯ ವಿಳಂಬವನ್ನೂ ಲೆಕ್ಕ ಹಾಕಿದೆವು. ಮೂರು ಮೀಟರು ದೂರದ ಧ್ವನಿವರ್ಧಕದಿಂದ ಕಿವಿಗೆ ಸುಮಾರು ೯ ಮಿಲಿಸೆಕೆಂಡು, ಅದನ್ನು ಕ್ಷಮಿಸಬಹುದು. ಹುಡುಗಿಯು ಸತ್ಯವನ್ನೇ ಹೇಳಿದ್ದಳು. ಪದವಿ ತರಗತಿಯಲ್ಲಿ ದೋಷಗಳ ವಿಶ್ಲೇಷಣೆಯನ್ನು ಪಾಠ ಮಾಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಇದುವರೆಗೆ ದೊರೆತಿರಲಿಲ್ಲ.

ಈಗ ವ್ಯಾಯಾಮದ ಪ್ರಶ್ನೆ. ಇಂಥ ಆಟಗಳಲ್ಲಿ ಹಲವು, ಹಾಡು ಮುಗಿದೊಡನೆ 'ಇಷ್ಟು ಕ್ಯಾಲರಿ ಕರಗಿತು' ಎಂದು ಬರೆದು ತೋರಿಸುತ್ತವೆ. ವಿದ್ಯಾರ್ಥಿನಿಯರು ಆ ಅಂಕಿಯನ್ನು ನೋಡಿ ಹಿಗ್ಗುವುದನ್ನೂ ಕುಗ್ಗುವುದನ್ನೂ ನಾವು ಕಂಡಿದ್ದೇವೆ. ಆ ಅಂಕಿಯಲ್ಲಿ ಎಷ್ಟು ವಿಶ್ವಾಸವಿಡಬಹುದು? ಚಾಪೆಗೆ ತಿಳಿದಿರುವುದು ಮಂಡಲವು ಕೂಡಿತು, ಕಡಿಯಿತು ಎಂಬ ಎರಡೇ ಸಂಗತಿಗಳು. ನೀವು ಎಷ್ಟು ಎತ್ತರಕ್ಕೆ ನೆಗೆದಿರಿ, ಕೈಗಳನ್ನು ಬೀಸಿದಿರೋ ಜೇಬಿನಲ್ಲಿಟ್ಟುಕೊಂಡಿದ್ದಿರೋ, ಅದು ಅರಿಯದು. ನೀವು ಹೇಳಿದ ತೂಕವನ್ನು ಹೆಜ್ಜೆಗಳೊಡನೆ ಸೇರಿಸಿ ಒಂದು ಅಂದಾಜನ್ನು ಹೇಳುತ್ತದೆ, ಅಷ್ಟೆ.

ನಾವೇ ಲೆಕ್ಕ ಮಾಡೋಣ. ೫೦ ಕಿಲೋಗ್ರಾಂ ತೂಕದ ಹುಡುಗಿ ೧೦ ಸೆಂಟಿಮೀಟರು ನೆಗೆದರೆ ಗುರುತ್ವದ ವಿರುದ್ಧ ಮಾಡುವ ಕೆಲಸ ೪೯ ಜೂಲ್. ಅರ್ಧ ಗಂಟೆಯಲ್ಲಿ ೨೦೦ ಸಲ ನೆಗೆದರೆ ೯೮೦೦ ಜೂಲ್. ಎಂದರೆ ಎರಡೂಕಾಲು ಕಿಲೋಕ್ಯಾಲರಿಗಿಂತ ತುಸು ಹೆಚ್ಚು! ಸ್ನಾಯುಗಳು ತಾವು ವ್ಯಯಮಾಡುವ ಶಕ್ತಿಯಲ್ಲಿ ನಾಲ್ಕನೆಯ ಅಥವಾ ಐದನೆಯ ಒಂದು ಭಾಗವನ್ನು ಮಾತ್ರ ಕೆಲಸವಾಗಿ ಪರಿವರ್ತಿಸಬಲ್ಲವಾದ್ದರಿಂದ ಇದನ್ನು ಹತ್ತು ಹನ್ನೆರಡು ಎಂದು ಎಣಿಸಬಹುದು. ಇಷ್ಟು ಅಲ್ಪವೇ ಎಂದು ನಿರಾಶರಾಗಬೇಕಾಗಿಲ್ಲ. ನೆಗೆತವು ಒಟ್ಟು ವ್ಯಯದ ಒಂದು ಸಣ್ಣ ಪಾಲು. ಕಾಲನ್ನು ಬೀಸುವುದು, ಬೀಸಿದುದನ್ನು ತಡೆಯುವುದು, ದೇಹವನ್ನು ಸಮತೋಲದಲ್ಲಿಡುವುದು, ಇಳಿಯುವಾಗ ತಾಳಿಕೊಳ್ಳುವುದು, ಇವೆಲ್ಲಕ್ಕೂ ಸ್ನಾಯುಗಳು ಶಕ್ತಿಯನ್ನು ಕೇಳುತ್ತವೆ. ಆದಕಾರಣ ಶರೀರಶಾಸ್ತ್ರಜ್ಞರು ಸೂತ್ರವನ್ನು ಬಿಟ್ಟು, ಉಸಿರಿನ ಆಮ್ಲಜನಕವನ್ನು ಅಳೆಯುವರು. ಸುಮ್ಮನೆ ಕುಳಿತವನ ವ್ಯಯವನ್ನು ಒಂದು ಮಾನವೆಂದು ಇಟ್ಟುಕೊಂಡರೆ (ಅದು ಕಿಲೋಗ್ರಾಂ ತೂಕಕ್ಕೆ ಗಂಟೆಗೆ ಸುಮಾರು ಒಂದು ಕಿಲೋಕ್ಯಾಲರಿ), ದೈಹಿಕ ಚಟುವಟಿಕೆಗಳ ೨೦೧೧ರ ಪ್ರಸಿದ್ಧ ಪಟ್ಟಿಯೊಂದರಲ್ಲಿ ದೇಹವನ್ನಾಡಿಸುವ ವಿಡಿಯೊ ಆಟಗಳಿಗೆ ಸಾಧಾರಣ ಶ್ರಮದಲ್ಲಿ ೩.೮, ಕುಣಿತದ ಚಾಪೆಯಂಥವುಗಳಲ್ಲಿ ಬಿರುಸಾಗಿ ಆಡಿದಾಗ ೭.೨ ಎಂದು ಬರೆದಿದೆ. ಮೂರರಿಂದ ಆರರವರೆಗೆ ಮಧ್ಯಮ ಶ್ರಮ, ಆರಕ್ಕೆ ಮೇಲ್ಪಟ್ಟರೆ ತೀವ್ರ ಶ್ರಮವೆಂದು ವಾಡಿಕೆ. ಹಾಗಾಗಿ ಭಾವನವರ ಪ್ರಶ್ನೆಗೆ ಶರೀರಶಾಸ್ತ್ರದ ಉತ್ತರ ಸ್ಪಷ್ಟವಾಗಿದೆ: ಇದು ವ್ಯಾಯಾಮವೇ.

ನಮ್ಮ ಹುಡುಗಿಯ ಅರ್ಧ ಗಂಟೆಗೆ ಈ ಲೆಕ್ಕದಲ್ಲಿ ೯೫ರಿಂದ ೧೮೦ ಕಿಲೋಕ್ಯಾಲರಿ. ಅದರಲ್ಲಿ ೨೫ ಅವಳು ಸುಮ್ಮನೆ ಕುಳಿತಿದ್ದರೂ ವ್ಯಯವಾಗುತ್ತಿದ್ದುದು. ಒಂದು ದೊಡ್ಡ ಚಮಚೆಯಷ್ಟು ಅಡಿಗೆಯ ಎಣ್ಣೆಯಲ್ಲಿ ಸುಮಾರು ೧೨೫ ಇರುತ್ತದೆ. ತೆಳ್ಳಗಾಗಬೇಕೆಂದು ಕುಣಿದು, ಕುಣಿದೆನಲ್ಲಾ ಎಂದು ಎರಡು ಪೂರಿಯನ್ನು ಹೆಚ್ಚಿಗೆ ತಿಂದರೆ ಲೆಕ್ಕ ಚುಕ್ತವಾಯಿತು. ಹದಿಹರೆಯದ ಮಕ್ಕಳು ಈ ಅಂಕಿಯನ್ನು ನೋಡಲೇಬಾರದೆಂಬುದು ನಮ್ಮ ಖಚಿತವಾದ ಅಭಿಪ್ರಾಯ. ಅಕ್ಕನ ಮನೆಯಲ್ಲಿ ಅದನ್ನು ತೆರೆಯಿಂದ ತೆಗೆಸಿದೆವು. ಹೃದಯ, ಶ್ವಾಸಕೋಶ, ಕಾಲಿನ ಮೂಳೆ ಇವುಗಳಿಗೆ ಆಗುವ ಲಾಭವನ್ನು ತೆರೆಯು ಎಣಿಸಿ ಹೇಳದು.

ಎಲ್ಲ ಕುಣಿತದ ಆಟಗಳೂ ಒಂದೇ ಜಾತಿಯವಲ್ಲ. ೨೦೦೯ರಲ್ಲಿ ಬಂದ 'ಜಸ್ಟ್ ಡಾನ್ಸ್' ಎಂಬುದು ಮನೆಮನೆಗಳಲ್ಲಿ ಬಹಳ ಹೆಸರಾಯಿತು. ಮೊದಲು ಅದನ್ನು ಆಡಿದುದು ನಿಂಟೆಂಡೊ ಕಂಪನಿಯ ವೀ ಯಂತ್ರದ ಕೈಕೋಲನ್ನು ಬಲಗೈಯಲ್ಲಿ ಹಿಡಿದು. ಆ ಕೋಲಿನೊಳಗೆ ವೇಗೋತ್ಕರ್ಷವನ್ನು ಮೂರು ದಿಕ್ಕುಗಳಲ್ಲಿ ಅಳೆಯುವ ಸೂಕ್ಷ್ಮವಾದ ಉಪಕರಣವಿದೆ: ಸಿಲಿಕಾನಿನ ಕಂಬಿಗಳಿಂದ ತೂಗಿಬಿಟ್ಟ ಸಿಲಿಕಾನಿನದೇ ಒಂದು ಕಣ, ಕೈ ಬೀಸಿದಾಗ ಅದು ಹಿಂದುಳಿದು, ನೆರೆಯ ಫಲಕಗಳೊಡನೆ ಅದರ ವಿದ್ಯುದ್ಧಾರಣಶಕ್ತಿಯು ಬದಲಾಗುತ್ತದೆ. ಅದ್ಭುತವಾದ ಕುಶಲತೆ. ಆದರೆ ಅದು ಬಲ್ಲುದು ಬಲಗೈಯೊಂದನ್ನೇ. ಸೋಫಾದ ಮೇಲೆ ಒರಗಿ ಕೈಯನ್ನು ಮಾತ್ರ ಬೀಸಿದವನೂ ಒಳ್ಳೆಯ ಅಂಕಗಳನ್ನು ಪಡೆಯಬಲ್ಲನು. ೧೯೮೬ರ ಚಾಪೆಯನ್ನು ಕೈಯಿಂದ ಬಡಿದ ಮಕ್ಕಳ ನೆನಪಾಗುವುದಿಲ್ಲವೇ? ೨೦೧೦ರಲ್ಲಿ ಮೈಕ್ರೋಸಾಫ್ಟ್ ಕಂಪನಿಯು ತಂದ ಕಿನೆಕ್ಟ್ ಈ ಕೊರತೆಯನ್ನು ನೀಗಲು ಹೊರಟಿತು. ಅದು ಕೊಠಡಿಯ ತುಂಬ ಕಣ್ಣಿಗೆ ಕಾಣದ ಅತಿರಕ್ತ ಕಿರಣದ ಚುಕ್ಕೆಗಳನ್ನು ಚೆಲ್ಲಿ, ಚುಕ್ಕೆಗಳ ಪಲ್ಲಟದಿಂದ ದೂರವನ್ನು ಅರಿತು, ದೇಹದ ೨೦ ಕೀಲುಗಳನ್ನು ಸೆಕೆಂಡಿಗೆ ೩೦ ಬಾರಿ ಗುರುತಿಸುತ್ತಿದ್ದಿತು. ನಮಗೆ ಈ ಎಲ್ಲ ಉಪಕರಣಗಳಲ್ಲಿ ಅದೇ ಹೆಚ್ಚು ಮೆಚ್ಚಿಗೆಯಾದುದು. ಆದರೆ ಅದರ ತಯಾರಿಕೆಯು ೨೦೧೭ರಲ್ಲಿ ನಿಂತುಹೋಯಿತು. ಯಂತ್ರವನ್ನು ವಂಚಿಸುವುದು ಸುಲಭವಾದಷ್ಟೂ ದೇಹಕ್ಕೆ ಲಾಭ ಕಡಿಮೆ. ಈ ಕಾರಣದಿಂದ, ಕೈಕೋಲಿಗಿಂತ ಚಾಪೆಯು ಮೇಲೆಂದು ನಾವು ಹೇಳುವೆವು: ಇಡೀ ದೇಹದ ಭಾರವನ್ನು ಒಂದು ಚೌಕದಿಂದ ಇನ್ನೊಂದಕ್ಕೆ ಹೊತ್ತೊಯ್ಯದೆ ಅಲ್ಲಿ ಗತಿಯಿಲ್ಲ.

ಇಷ್ಟು ಹೊಗಳಿದ ಮೇಲೆ, ಎದುರು ಪಕ್ಷದ ಸಾಕ್ಷ್ಯವನ್ನು ಮುಚ್ಚಿಡುವುದು ವಿಜ್ಞಾನದ ಪತ್ರಿಕೆಗೆ ಶೋಭಿಸದು. ಅಮೆರಿಕದ ಪಶ್ಚಿಮ ವರ್ಜೀನಿಯಾ ರಾಜ್ಯವು ಮಕ್ಕಳ ಸ್ಥೂಲಕಾಯದಿಂದ ಚಿಂತಿತವಾಗಿ, ಈ ಕುಣಿತದ ಯಂತ್ರವನ್ನು ತನ್ನ ೭೬೫ ಸರ್ಕಾರಿ ಶಾಲೆಗಳಲ್ಲಿಯೂ ಇಡುವುದಾಗಿ ೨೦೦೬ರಲ್ಲಿ ಪ್ರಕಟಿಸಿತು. ಪತ್ರಿಕೆಗಳು ಭೇರಿ ಬಾರಿಸಿದುವು. ಆದರೆ ೨೦೧೨ರಲ್ಲಿ ಪ್ರಕಟವಾದ ಹ್ಯೂಸ್ಟನ್ ನಗರದ ಒಂದು ಪ್ರಯೋಗದ ವಾರ್ತೆ ಬೇರೆಯಾಗಿತ್ತು. ಅಲ್ಲಿ ಕೆಲವು ಮಕ್ಕಳಿಗೆ ದೇಹವನ್ನಾಡಿಸುವ ವಿಡಿಯೊ ಆಟಗಳನ್ನೂ, ಕೆಲವರಿಗೆ ಕುಳಿತು ಆಡುವವನ್ನೂ ಕೊಟ್ಟು, ಇನ್ನೇನನ್ನೂ ವಿಧಿಸದೆ, ಮೈಗೆ ಕಟ್ಟಿದ ಮಾಪಕಗಳಿಂದ ಹಲವು ವಾರ ಅಳೆದರು. ಎರಡು ಗುಂಪುಗಳ ಒಟ್ಟು ಚಟುವಟಿಕೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ! ಪೆಟ್ಟಿಗೆಯನ್ನು ಕೊಂಡುತಂದ ಮಾತ್ರಕ್ಕೆ ಆರೋಗ್ಯವು ಮನೆಗೆ ಬರುವುದಿಲ್ಲ; ಬೀರುವಿನಲ್ಲಿಟ್ಟ ಪಠ್ಯಪುಸ್ತಕದಂತೆ.

ನಮಗೆ ಹೆಚ್ಚು ಬೋಧಪ್ರದವಾಗಿ ಕಂಡುದು ನೆದರ್ಲೆಂಡ್ಸಿನಲ್ಲಿ ನಡೆದು ೨೦೦೮ರಲ್ಲಿ ಪ್ರಕಟವಾದ ಚಿಕ್ಕದೊಂದು ಪ್ರಯೋಗ. ಮಕ್ಕಳ ಸಂಖ್ಯೆ ಮೂವತ್ತಕ್ಕಿಂತ ಕಡಿಮೆ. ಅವಧಿ ೧೨ ವಾರ. ಎಲ್ಲರಿಗೂ ಕುಣಿತದ ಚಾಪೆಯನ್ನು ಮನೆಗೆ ಕೊಟ್ಟರು. ಒಂದು ಗುಂಪು ಮನೆಯಲ್ಲಷ್ಟೇ ಆಡಿತು. ಇನ್ನೊಂದು ಗುಂಪಿನ ಮಕ್ಕಳು ವಾರಕ್ಕೊಮ್ಮೆ ಒಟ್ಟುಗೂಡಿ ಆಡುತ್ತಿದ್ದರು. ಒಬ್ಬೊಬ್ಬರೇ ಆಡಿದ ಗುಂಪಿನಲ್ಲಿ ನೂರಕ್ಕೆ ೬೪ ಪಾಲು ಮಕ್ಕಳು ನಡುವೆಯೇ ಕೈಬಿಟ್ಟರು. ಕೂಡಿ ಆಡಿದವರಲ್ಲಿ ಬಿಟ್ಟವರು ನೂರಕ್ಕೆ ೧೫. ಇಷ್ಟು ಸಣ್ಣ ಪ್ರಯೋಗದಿಂದ ದೊಡ್ಡ ಸಿದ್ಧಾಂತವನ್ನು ಕಟ್ಟಬಾರದೆಂಬುದನ್ನು ಬಲ್ಲೆವು. ಆದರೂ ಕುಂಟೆಬಿಲ್ಲೆಯನ್ನು ಯಾರೂ ಒಂಟಿಯಾಗಿ ಆಡಿದುದನ್ನು ನಾವು ಕಂಡಿಲ್ಲ.

ಕೆಳಗಿನ ಮನೆಯ ಹಿರಿಯರನ್ನು ಮರೆತಿಲ್ಲ. ಅವರ ದೂರು ನ್ಯಾಯವಾದುದೆಂದು ಭೌತಶಾಸ್ತ್ರವೂ ಹೇಳುತ್ತದೆ. ೧೦ ಸೆಂಟಿಮೀಟರು ಎತ್ತರದಿಂದ ಬಿದ್ದ ದೇಹವನ್ನು ಮಂಡಿ ಬಗ್ಗಿಸದೆ ೨ ಸೆಂಟಿಮೀಟರಿನೊಳಗೆ ನಿಲ್ಲಿಸಿದರೆ, ನೆಲದ ಮೇಲಿನ ಸರಾಸರಿ ಬಲವು ದೇಹದ ತೂಕದ ಆರರಷ್ಟು. ಐವತ್ತು ಕಿಲೋ ಹುಡುಗಿಯು ಆ ಕ್ಷಣದಲ್ಲಿ ಮುನ್ನೂರು ಕಿಲೋ ಮೂಟೆಯಂತೆ ನೆಲವನ್ನು ಒತ್ತುವಳು. ಅದೇ ದೇಹವನ್ನು ಮಂಡಿ ಬಗ್ಗಿಸಿ ೨೦ ಸೆಂಟಿಮೀಟರಿನಲ್ಲಿ ನಿಲ್ಲಿಸಿದರೆ ಬಲವು ತೂಕದ ಒಂದೂವರೆಯಷ್ಟು ಮಾತ್ರ. ತೂಕಕ್ಕೆ ಗುಣಿಸಬೇಕಾದುದು, ಬಿದ್ದ ಎತ್ತರವನ್ನು ನಿಂತ ದೂರದಿಂದ ಭಾಗಿಸಿ ಒಂದನ್ನು ಕೂಡಿಸಿದ ಸಂಖ್ಯೆ. ವಾಚಕರು ಶಕ್ತಿಯ ನಿತ್ಯತೆಯಿಂದ ಇದನ್ನು ಸಾಧಿಸಿಕೊಳ್ಳಬಹುದು. ಅರೆಮಂಡಿಯಲ್ಲಿ ಕುಳಿತೇ ಹೆಜ್ಜೆ ಹಾಕಬೇಕೆಂಬ ನಾಟ್ಯದ ಕಟ್ಟಳೆ ಸೌಂದರ್ಯಕ್ಕಾಗಿ ಹುಟ್ಟಿದುದಿರಬಹುದು. ನೆಗೆದಿಳಿಯುವಾಗ ಬಗ್ಗಿದ ಮಂಡಿಯು ಕೀಲಿಗೂ ಕೆಳಮನೆಗೂ ಏಕಕಾಲದಲ್ಲಿ ಉಪಕಾರಿಯೆಂಬುದಂತೂ ದಿಟ. ಚಾಪೆಯ ಕೆಳಗೆ ದಪ್ಪನೆಯ ರಬ್ಬರಿನ ಹಾಸನ್ನು ಹಾಸಿದೆವು. ಕಾಲುಚೀಲವನ್ನು ಬಿಚ್ಚಿಸಿದೆವು, ಏಕೆಂದರೆ ಪ್ಲಾಸ್ಟಿಕ್ಕಿನ ಮೇಲೆ ಅದು ಜಾರುತ್ತದೆ. ಹುಡುಗಿಗೆ ಮಂಡಿ ಬಗ್ಗಿಸಿ ಇಳಿಯುವುದನ್ನು ಹೇಳಿಕೊಟ್ಟೆವು. ನಾವು ಕೆಳಗಿನ ಮನೆಗೆ ಇಳಿದುಹೋಗಿ ಕುಳಿತು ಕೇಳಿದೆವು. ಧಡಧಡ ಹೋಗಿ ದಬ್‌ದಬ್ ಉಳಿದಿದ್ದಿತು.

ಇದೆಲ್ಲ ಒಂದು ಮನೆಯ ಮಾತಾಯಿತು. ನಾವು ಈ ಲೇಖನವನ್ನು ಬರೆಯಲು ಕಾರಣವಾದುದು ಬೇರೊಂದು ಚಿಂತೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಪ್ರಕಟಿಸಿದ ಸೂಚನೆಯಂತೆ, ೫ರಿಂದ ೧೭ ವರ್ಷದ ಮಕ್ಕಳು ದಿನಕ್ಕೆ ಸರಾಸರಿ ೬೦ ನಿಮಿಷಗಳಾದರೂ ಮಧ್ಯಮ ಅಥವಾ ತೀವ್ರ ಶ್ರಮದ ಚಟುವಟಿಕೆಯಲ್ಲಿರಬೇಕು. ನಮ್ಮ ತರಗತಿಯ ವಿದ್ಯಾರ್ಥಿಗಳನ್ನು ಒಮ್ಮೆ ಕೇಳಿದೆವು: ನಿನ್ನೆ ಯಾರು ಯಾರು ಬೆವರುವಷ್ಟು ಓಡಾಡಿದಿರಿ? ಹುಡುಗರಲ್ಲಿ ಹತ್ತು ಹನ್ನೆರಡು ಕೈಗಳು ಎದ್ದುವು. ಹುಡುಗಿಯರ ಸಾಲಿನಲ್ಲಿ ಎದ್ದುದು ಒಂದು ಕೈ. ಅವಳು ಬಸ್ಸು ತಪ್ಪಿ ಓಡಿದವಳು. ಹತ್ತನೆಯ ತರಗತಿ ದಾಟಿದೊಡನೆ ಆಟದ ಪೀರಿಯಡ್ಡು ಗಣಿತಕ್ಕೆ ದಾನವಾಗುತ್ತದೆ. ಸಂಜೆ ಟ್ಯೂಷನ್ನು. ಟ್ಯೂಷನ್ನಿನಿಂದ ಬರುವಷ್ಟರಲ್ಲಿ ಕತ್ತಲೆ. ಕತ್ತಲೆಯಲ್ಲಿ ಹುಡುಗಿಯು ಬೀದಿಯಲ್ಲಿ ಓಡುವಂತಿಲ್ಲ. ಓಡಿದರೆ ನೋಡುವವರ ಕಣ್ಣಿಗೆ ಅವಳೇ ಅಪರಾಧಿ. ಮೈದಾನವಿರುವ ಕಡೆ ಅದು ಕ್ರಿಕೆಟ್ಟಿನ ಹುಡುಗರ ಸ್ವತ್ತು. ಹೀಗೆ ಹದಿನಾರರಿಂದ ಹದಿನೆಂಟರವರೆಗೆ ನಮ್ಮ ಹುಡುಗಿಯರು ಎರಡು ವರ್ಷ ಕುರ್ಚಿಗೆ ಅಂಟಿಕೊಂಡಿರುತ್ತಾರೆ. ಇದನ್ನು ನಾವು ಓದು ಎನ್ನುತ್ತೇವೆ.

ಮೈದಾನವೇ ಮೇಲು, ಗೆಳತಿಯರೊಡನೆ ಆಡುವ ಬ್ಯಾಡ್ಮಿಂಟನ್ನೇ ಮೇಲು, ಇದರಲ್ಲಿ ನಮಗೆ ಸಂಶಯವಿಲ್ಲ. ಬಿಸಿಲು, ಗಾಳಿ, ದೂರದ ನೋಟ ಇವನ್ನು ಯಾವ ಚಾಪೆಯೂ ಕೊಡಲಾರದು. ಆದರೆ ಮೈದಾನ ಸಿಕ್ಕುವ ತನಕ ಕುಳಿತೇ ಇರು ಎಂದು ಹೇಳುವ ಅಧಿಕಾರ ನಮಗೆಲ್ಲಿಯದು? ಆರಡಿಗೆ ಆರಡಿ ಜಾಗ, ಬಾಗಿಲು ಮುಚ್ಚಿದ ಕೋಣೆ, ಅರ್ಧ ಗಂಟೆ ಇಷ್ಟೇ ಸಾಕೆನ್ನುವ ವ್ಯಾಯಾಮವನ್ನು ಹಳಿಯುವ ಮೊದಲು, ಹಳಿಯುವವರು ಅವಳಿಗೆ ಬೇರೇನನ್ನು ಕೊಟ್ಟಿದ್ದಾರೆಂದು ಹೇಳಲಿ. ಹುಡುಗಿಯರ ವಿದ್ಯಾರ್ಥಿನಿಲಯಗಳಲ್ಲಿ ಟೆಲಿವಿಷನ್ನು ಇದ್ದೇ ಇದೆ. ಅದರ ಮುಂದೆ ಎರಡು ಚಾಪೆಗಳನ್ನು ಹಾಸಲು ವಾರ್ಡನ್ನರು ಒಪ್ಪಬಾರದೇಕೆ? ಎರಡು ಎಂದೆವು, ಒಂದಲ್ಲ. ನೆದರ್ಲೆಂಡ್ಸಿನ ಮಕ್ಕಳನ್ನು ನೆನಪಿನಲ್ಲಿಟ್ಟು. ಕೆಟ್ಟುಹೋದ ಚೌಕವನ್ನು ಬಿಚ್ಚಿ ಸರಿಪಡಿಸುವ ಕೆಲಸವನ್ನು ಭೌತಶಾಸ್ತ್ರದ ವಿದ್ಯಾರ್ಥಿನಿಯರಿಗೇ ಒಪ್ಪಿಸಬಹುದು.

"ತೆರೆಯನ್ನು ನೋಡುವ ಹೊತ್ತು ಇನ್ನೂ ಹೆಚ್ಚಾಗುವುದಲ್ಲವೇ?" ಎಂದು ಭಾವನವರು ಕೇಳಿದರು. ಆಗಬಹುದು. ಆದಕಾರಣ ನಾವು ಮನೆಯಲ್ಲಿ ಮಾಡಿದ ಒಪ್ಪಂದದಲ್ಲಿ ಚಾಪೆಯ ಅರ್ಧ ಗಂಟೆಯು ಫೋನಿನ ಅರ್ಧ ಗಂಟೆಯಿಂದ ಕಳೆಯತಕ್ಕದ್ದೆಂದು ಬರೆದೆವು. ಹುಡುಗಿಯು ಒಂದು ಕ್ಷಣ ಯೋಚಿಸಿ ಸಹಿ ಹಾಕಿದಳು. ಹೊತ್ತು ಸಂಜೆ ಐದೂವರೆಯಿಂದ ಆರು ಎಂದು ನಿಶ್ಚಯವಾಯಿತು, ಏಕೆಂದರೆ ಆಗ ಕೆಳಗಿನ ಮನೆಯ ಹಿರಿಯರು ವಾಯುಸೇವನೆಗೆ ಹೋಗಿರುತ್ತಾರೆ.

ಮೊನ್ನೆ ಅಕ್ಕನು ಫೋನಿನಲ್ಲಿ ಮಾತನಾಡಿದಳು. ಹಿರಿಯರ ಮೊಮ್ಮಗಳು ಈಗ ಐದೂವರೆಗೆ ಮೇಲಕ್ಕೆ ಬರುತ್ತಾಳಂತೆ. ಎರಡನೆಯ ಚಾಪೆಯನ್ನು ಅವರೇ ಕೊಡಿಸಿದರಂತೆ. ಭಾವನವರು ಬಾಗಿಲು ಹಾಕಿಕೊಂಡು ಒಬ್ಬರೇ ಅಭ್ಯಾಸ ಮಾಡುತ್ತಿದ್ದಾರೆಂಬ ವದಂತಿಯೂ ಇದೆ. ಅವರ ಅಂಕ ಇನ್ನೂ ನಮ್ಮದನ್ನು ದಾಟಿಲ್ಲವಂತೆ.